ಸಯಾಮಿನ ಮಣ್ಣು

ಸುಂಗೈ ಸಿಪುಟ್,
ಜುಲೈ 1991

ಪ್ರೀತಿಯ ಕದಿರವನ್,

ಊರಿಗೆ ಮರಳಿ ತಿಂಗಳಾದರೂ ನನ್ನ ಹೆಗಲ ಮೇಲೆ ಬೆನ್ನುಚೀಲದ ಪಟ್ಟಿಯ ಗುರುತು ಉಳಿದಿದೆ. ಅದು ಮಾಸದಿರಲಿ ಎನಿಸುತ್ತದೆ. ಗಡಿಯಾಚೆಯ ಸಯಾಮಿನಲ್ಲಿ ಯುದ್ಧಕಾಲಕ್ಕೆ ಜಪಾನಿನವರು ಹಾಕಿಸಿದ ಆ ರೈಲುಹಾದಿಗುಂಟ ನಾವಿಬ್ಬರೂ ನಡೆದದ್ದು, ಬಿದಿರ ಕೊಳವೆಯಲ್ಲಿ ಬೇಯಿಸಿದ ಅನ್ನ ಹಂಚಿಕೊಂಡದ್ದು ದಿನವೂ ನೆನಪಾಗುತ್ತದೆ. ಸೈನಿಕರ ಸಮಾಧಿಗಳ ನಡುವೆ ನಿಂತು ನಾನು, "ಬಿಳಿಯರಿಗೆಲ್ಲ ಹೆಸರಿನ ಕಲ್ಲಿದೆ, ಜಪಾನಿನವರು ಎಳ್ಕೊಂಡು ಹೋದ ನಮ್ಮ ತೋಟದ ಕೂಲಿಗಳಿಗೆ ಏನಿದೆ?" ಎಂದು ಕೂಗಿದಾಗ ನೀನು, "ಮೆಲ್ಲಗೆ ಕಣೇ, ಸತ್ತೋರು ಎದ್ದು ಬಂದಾರು!" ಎಂದಿದ್ದೆ.

ಅಲ್ಲಿಂದ ತಂದ ಮಣ್ಣನ್ನು ಆಡಿ ತಿಂಗಳ ಅಮಾವಾಸ್ಯೆಯಂದು ಹೊಳೆಗೆ ಬಿಟ್ಟು, ಆ ರೈಲುಹಾದಿಯ ಕೆಲಸಕ್ಕೆ ಹೋಗಿ ಮರಳದ ನನ್ನ ತಾತನಿಗೆ ತರ್ಪಣ ಕೊಡಿಸೋಣ ಎಂದವಳು ನಾನೇ. ಈಗ ಬೇಡ ಎನ್ನುತ್ತಿದ್ದೇನೆ.

ನಿನ್ನೆ ಅಜ್ಜಿ ತನ್ನ ಹಣೆಗೆ ಕುಂಕುಮವಿಡುತ್ತಾ ಕೇಳಿದಳು: "ಅಲ್ಲಿ ನಿಮ್ಮ ತಾತ ಸಿಕ್ಕಿದ್ನೇನೇ? ಯಾವಳೋ ಸಯಾಮಿನವಳನ್ನ ಕಟ್ಕೊಂಡು ಮಜವಾಗಿರ್ತಾನೆ, ಕಳ್ಳ. ಬರ್ಲಿ, ಪೊರಕೇಲಿ ಬಾರಿಸ್ತೀನಿ."

ತರ್ಪಣ ಕೊಟ್ಟ ಕ್ಷಣವೇ ಅವಳು ವಿಧವೆಯಾಗುತ್ತಾಳೆ. ವಿಧವೆಯ ಕುಂಕುಮ ಅಳಿಸುವ ಪದ್ಧತಿ ಅನ್ಯಾಯವೆಂದು ನಾನು ಎಲ್ಲೆಡೆ ವಾದಿಸುತ್ತೇನೆ. ಆದರೆ ಅಜ್ಜಿ ನನ್ನ ಕರಪತ್ರಗಳನ್ನು ಓದಿದವಳಲ್ಲ. ತರ್ಪಣವಾಯಿತೆಂದರೆ ತಾಳಿಯನ್ನು ತಾನೇ ಬಿಚ್ಚಿಡುತ್ತಾಳೆ. ಯುದ್ಧ ಕಸಿದದ್ದು ಸಾಲದೆಂದು ನಾವೂ ಕೈ ಹಾಕುವುದೇ?

ಆ ಕೂಲಿಗಳಿಗೊಂದು ಕಲ್ಲು ನಿಲ್ಲಿಸುವ ಹೋರಾಟವನ್ನು ನಾನು ಬಿಡುವುದಿಲ್ಲ. ಅದರ ಮೇಲೆ ತಾತನ ಹೆಸರು ಮಾತ್ರ, ಅಜ್ಜಿ ಇರುವವರೆಗೆ ಬೇಡ.

ಮಣ್ಣು ನಿನ್ನ ಬಳಿಯೇ ಇರಲಿ. ಅಮಾವಾಸ್ಯೆ ಕಳೆದ ಮೇಲೆ ಬಾ. ಬರುವಾಗ ಈಪೋ ಪೇಟೆಯಿಂದ ಅಜ್ಜಿಯ ಮುಡಿಗೆ ಒಂದು ಮೊಳ ಮಲ್ಲಿಗೆ ತಾ. ಯಾರು ಕಳಿಸಿದ್ದು ಎಂದು ಅವಳು ಕೇಳಿದರೆ ಸುಮ್ಮನೆ ನಕ್ಕುಬಿಡು.

ನಿನ್ನ ದಾರಿ ಕಾಯುವ,
ಪೂಂಗೊಡಿ