ನಡುವಿನ ಕಿವಿರು

9 ಜೂನ್ 2003, ಲೂಯಿಸ್‌ವಿಲ್, ಅಮೆರಿಕ. ಬೆಳಿಗ್ಗೆ 8
ಮಗಳು ಪ್ರಗತಿ ಆಫೀಸಿಗೆ ಹೊರಟಳು. ಹೋಗುವಾಗಲೂ ಉಪದೇಶ — ಉಪ್ಪಿನಕಾಯಿ ಬಾಟಲಿಯಲ್ಲಿ ಹುಳ ಸಾಕಬೇಡಿ ಅಂತ. ಬಾಟಲಿ ಖಾಲಿ ಮಾಡಿದವನು ನಾನು, ಹಕ್ಕಿಲ್ಲವೇ? ಕೆರೆಯಲ್ಲಿ ನಿನ್ನೆ ಸಿಕ್ಕಿದ್ದು ಡ್ಯಾಮ್ಸೆಲ್‌ಫ್ಲೈ, ಅಂದರೆ ಸಣ್ಣ ಏರೋಪ್ಲೇನ್ ಚಿಟ್ಟೆಯ ನಾಲ್ಕು ಲಾರ್ವಾ. ಮಸೂರ ನಾನೇ ಮಾಡಿದ್ದು, ಮುನ್ನೂರು ವರ್ಷದ ಹಿಂದೆ ಸೂಕ್ಷ್ಮದರ್ಶಕ ಮಾಡುತ್ತಿದ್ದವರ ಹಾಗೆ. ಗಾಜಿನ ಎಳೆ ಕರಗಿಸಿ ಸಾಸಿವೆಯಷ್ಟು ಮಣಿ. ತಗಡಿನ ತೂತಿನಲ್ಲಿ ಕೂರಿಸಿ ಬಲಗಣ್ಣಿಗೆ ಒತ್ತಿ ಹಿಡಿಯುವುದು. ನಾನು ಬರೆಯುತ್ತಿರುವ ನೀರುಹುಳಗಳ ಪುಸ್ತಕದ ಐವತ್ತು ಚಿತ್ರಗಳಲ್ಲಿ ಇನ್ನು ಎಂಟೇ ಬಾಕಿ.

11 ಜೂನ್
ಬಾಲದ ತುದಿಯಲ್ಲಿ ಎಲೆಯಂಥ ಕಿವಿರು ಮೂರಿರಬೇಕು. ಎರಡೇ ಇವೆ. ಒಂದು ಉದುರಿರಬಹುದು ಅಂದುಕೊಂಡೆ. ನಾಲ್ಕಕ್ಕೂ ಎರಡೆರಡೇ! ಮೂವತ್ತು ವರ್ಷ ಝೂವಾಲಜಿ ಲ್ಯಾಬಿನಲ್ಲಿ ಹುಡುಗರನ್ನು ಗದರಿದ್ದು ಒಂದೇ ಮಾತಿಗೆ: ಕಂಡದ್ದನ್ನು ಬರೆಯಿರಿ, ಗೊತ್ತಿದ್ದದ್ದನ್ನಲ್ಲ. ಎರಡೇ ಬರೆದೆ. ಹೊಸ ಜಾತಿಯೇ...

12 ಜೂನ್
ಚಿತ್ರದ ನಕಲು ಮೈಸೂರಿಗೆ, ವಾಸುದೇವನಿಗೆ ಪೋಸ್ಟ್ ಮಾಡಿದೆ. ಕಾಲೇಜಿನಲ್ಲಿ ಜೊತೆಗಿದ್ದಷ್ಟೂ ಕಾಲ ನನ್ನ ತಪ್ಪು ಹುಡುಕಿದವನು. ಈ ಸಲ ಅವನ ಬಾಯಿಗೆ ಬೀಗ.

15 ಜೂನ್, ಭಾನುವಾರ
ಮೊಮ್ಮಗಳು ಇಶಾಗೆ ಮಸೂರದಲ್ಲಿ ಲಾರ್ವಾ, ಪಕ್ಕದಲ್ಲಿ ನನ್ನ ಚಿತ್ರ ತೋರಿಸಿದೆ. ಒಂಬತ್ತು ವರ್ಷದ್ದು.
"ತಾತ, ದೇರ್ ಆರ್ ಥ್ರೀ."
"ಸರ್ಯಾಗಿ ನೋಡು ಪುಟ್ಟಿ."
"ಥ್ರೀ. ಯು ಲೆಫ್ಟ್ ಔಟ್ ದ ಮಿಡಲ್ ಒನ್."
ಕಿತ್ತುಕೊಂಡು ನೋಡಿದೆ. ಎರಡೇ. ಎಡಗಣ್ಣಿಗೆ ಹಿಡಿದೆ. ಮೂರು.
ಮಸೂರ ಕೆಳಗಿಟ್ಟು, ಎಡಗಣ್ಣು ಮುಚ್ಚಿ ಮಗುವನ್ನು ನೋಡಿದೆ. ಜಡೆ ಇದೆ, ಓಲೆ ಇದೆ. ಮುಖ ಇಲ್ಲ. ಮುಖ ಇರಬೇಕಾದ ಕಡೆ ಬೂದು ಮಸುಕು.

ಅದೇ ದಿನ, ಮಧ್ಯಾಹ್ನ
ಹಳೆಯ ಚಿತ್ರಗಳನ್ನೆಲ್ಲ ನೆಲಕ್ಕೆ ಹರಡಿದೆ. ಮೂವತ್ತೊಂದನೆಯದರಿಂದ ಈಚೆಗೆ ಎಲ್ಲದರಲ್ಲೂ ನಡುವೆ ಏನಾದರೊಂದು ಇಲ್ಲ. ಎರಡು ಕಣ್ಣೂ ತೆರೆದಿದ್ದಾಗ ಒಂದು ಇನ್ನೊಂದರ ಕುಂದು ಮುಚ್ಚಿತ್ತು. ನನಗೆ ತಿಳಿಯಲೇ ಇಲ್ಲ. ಭಯವಾಗುತ್ತಿದೆ.

24 ಜೂನ್
ಬಲಗಣ್ಣಿನ ಪರದೆಯ ನಡುಭಾಗ ಹೋಗಿದೆಯಂತೆ. ವಾಪಸ್ ಬರುವುದಿಲ್ಲ. ಎಡಗಣ್ಣಿನಲ್ಲೂ ಶುರುವಾಗಿದೆ. ಎಷ್ಟು ದಿನ ಅಂತ ಕೇಳಿದೆ. ಹೇಳಲಾಗದು ಅಂದರು ಡಾಕ್ಟರ್. ಪ್ರಗತಿ ಕಾರಿನಲ್ಲಿ ಅತ್ತಳು.

3 ಜುಲೈ
ವಾಸುದೇವನ ಫೋನ್. ನಗುತ್ತಾನೆ ಅಂದುಕೊಂಡಿದ್ದೆ.
"ಲೋ, ಮೂರನೇದು ನಿಂಗೆ ಕಾಣ್ಸ್ಲೇ ಇಲ್ವೇನೋ?" ಅಂದ, ಮೆತ್ತಗೆ.
ಬೈದಿದ್ದರೆ ಚೆನ್ನಾಗಿತ್ತು.

4 ಜುಲೈ
ಎಡಗಣ್ಣು ಇರುವಾಗಲೇ ಮುಗಿಸಬೇಕು. ಮೂವತ್ತೊಂದರಿಂದ ಎಲ್ಲ ಮತ್ತೆ ಬರೆಯಬೇಕು. ಇವತ್ತು ಈ ಲಾರ್ವಾದಿಂದಲೇ ಶುರು. ಇಶಾ ಪಕ್ಕದಲ್ಲಿ ಕೂತಿದ್ದಾಳೆ. ಮಸೂರ ಎಡಗಣ್ಣಿಗೆ ಒತ್ತಿದೆ. ಅಂಚಿನ ಕಿವಿರು ಎರಡೂ ಸ್ಪಷ್ಟ. ನಡುವಿನದು—