ಸಕ್ಕರೆ ಕರಗಿದ್ದು ತಿಳಿದ ಕೈ

ಭಾನುವಾರ, ಜೂನ್ ೧೪

ನನ್ನ ಮುದ್ದು ಪುಟ್ಟಿಗೆ,

ಅಕ್ಕನ ಪ್ರೀತಿಯ ನೆನಪುಗಳು. ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯದೆ ಕೂತಿದ್ದಕ್ಕೆ ಮುಖ ಊದಿಸಿಕೊಂಡಿರುತ್ತೀಯ, ಗೊತ್ತು. ಬೈಯುವುದಿದ್ದರೆ ಇದನ್ನು ಓದಿ ಮುಗಿಸಿ ಆಮೇಲೆ ಬೈ. ಇವತ್ತು ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ನಡೆದದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ನಿನ್ನ ಭಾವನ ಬಲಗೈ ವಿಷಯ ನಿನಗೆ ತಿಳಿದದ್ದೇ. ಪಾರ್ಶ್ವವಾಯು ಹೊಡೆದ ಮೇಲೆ ವ್ಯಾಯಾಮ ಮಾಡಿಸಿ ಮಾಡಿಸಿ ಬೆರಳೇನೋ ಮಡಚಲು ಬಂತು, ಸ್ಪರ್ಶ ಮಾತ್ರ ಬರಲಿಲ್ಲ. ಕಣ್ಣು ಮುಚ್ಚಿ, ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ "ಇದು ಒಗೆದ್ರೆ ಕುಗ್ಗುತ್ತೆ, ಸ್ವಲ್ಪ ಜಾಸ್ತಿ ಬಿಟ್ಟು ಕತ್ತರಿಸ್ಬೇಕು" ಎನ್ನುತ್ತಿದ್ದ ಟೈಲರ್ ಅವರು. ಹೋದ ವಾರ ಸೂಜಿ ಚುಚ್ಚಿ ಬಿಳಿ ಅಂಗಿಯ ಮೇಲೆಲ್ಲ ರಕ್ತವಾದರೂ ಅವರಿಗೆ ಗೊತ್ತಾಗಲಿಲ್ಲ. ನಾನು ಕೂಗಿಕೊಂಡ ಮೇಲೆ ನೋಡಿಕೊಂಡರು.

"ಮೆಷಿನ್ ಯಾರಿಗಾದ್ರೂ ಕೊಟ್ಬಿಡೋಣ ಕಣೇ. ಬೆರಳಿಗೇ ಗೊತ್ತಾಗ್ದೇ ಇದ್ಮೇಲೆ ನಾನೆಂಥ ಟೈಲರ್ರು?" ಎಂದರು. ನಾಳೆ ಪಕ್ಕದ ಬೀದಿಯ ಟೈಲರ್ ಬಂದು ಒಯ್ಯುವುದೆಂದು ಮಾತೂ ಆಗಿಹೋಯಿತು. ನನಗೆ ವಾರವಿಡೀ ಊಟ ಸೇರಲಿಲ್ಲ.

ಇನ್ನು ನಿನ್ನ ಸಕ್ಕರೆಯ ವಿಷಯ. ಬ್ಯೂಟಿ ಪಾರ್ಲರ್ ಇಟ್ಟುಕೊಂಡವಳು ನೀನು, ಅಕ್ಕನಿಗೆ ಒಂದು ಒಳ್ಳೆಯ ಕ್ರೀಮ್ ಕಳಿಸುವುದು ಬಿಟ್ಟು "ಸಣ್ಣ ಸಕ್ಕರೆಗೆ ನಾಲ್ಕು ಹನಿ ನೀರು ಹಾಕಿ, ಹರಳು ಕರಗೋವರೆಗೂ ಮುಖಕ್ಕೆ ಮೆಲ್ಲಗೆ ಉಜ್ಜಿ ತೊಳ್ಕೋ" ಎಂದು ಬರೆದಾಗ ನಕ್ಕಿದ್ದೆ. ಆದರೂ ಭಾನುವಾರ ಬಂತೆಂದರೆ ಮಾಡುತ್ತೇನೆ. ಈ ವಯಸ್ಸಿನಲ್ಲೂ ಕೆನ್ನೆ ನುಣ್ಣಗಾಗುತ್ತದೆ ಕಣೆ, ಸುಳ್ಳು ಹೇಳಬಾರದು. ನಿನ್ನ ಭಾವನದು ಮಾತ್ರ ಪ್ರತಿಸಲವೂ ಅದೇ ರಾಗ: "ಇರುವೆ ಮುತ್ಕೊಂಡ್ರೆ ನನ್ನ ಕರೀಬೇಡ!"

ಇವತ್ತು ಸ್ವಲ್ಪ ಹೆಚ್ಚೇ ಕಲಸಿದ್ದೆ. ಚೆಲ್ಲಲು ಮನಸ್ಸಾಗದೆ ಅವರ ಬಲಗೈ ಎಳೆದುಕೊಂಡು ಅಂಗೈಗೆ ಹಾಕಿ ಉಜ್ಜತೊಡಗಿದೆ. ಅವರು ಕಿಟಕಿಯಾಚೆ ನೋಡುತ್ತ, ಎದುರು ಮನೆಯವನಿಗೆ ಸೈಕಲ್ ತೊಳೆಯಲೂ ಬರುವುದಿಲ್ಲವೆಂದು ಟೀಕೆ ಮಾಡುತ್ತಿದ್ದರು. ಹಾಗೆ ಹೇಳುತ್ತಲೇ ನಡುವೆ ಅಂದರು:

"ಸಾಕು ಬಿಡೇ, ಕರಗಿಹೋಯ್ತಲ್ಲ."

ನೋಡಿದೆ. ಹೌದು, ಒಂದು ಹರಳೂ ಉಳಿದಿರಲಿಲ್ಲ.

"ನಿಮಗೆ ಹೇಗ್ ಗೊತ್ತಾಯ್ತು ರೀ?"

ಅವರು ನನ್ನ ಮುಖ ನೋಡಿದರು, ಆಮೇಲೆ ಕೈ ನೋಡಿಕೊಂಡರು. ಒಲೆಯ ಮೇಲಿನ ಹಾಲು ಉಕ್ಕಿದರೂ ಇಬ್ಬರೂ ಏಳಲಿಲ್ಲ.

ಕಣ್ಣು ಮುಚ್ಚಿಸಿ ಉಪ್ಪು ಹಾಕಿದೆ. "ಇದು ಒರಟು, ಸಕ್ಕರೆ ಅಲ್ಲ." ಹಿಟ್ಟು ಹಾಕಿದೆ. "ರೇಷ್ಮೆ ಥರ ಜಾರುತ್ತೆ." ಮೂರನೆಯ ಸಲ ಏನೂ ಹಾಕದೆ ಸುಮ್ಮನಿದ್ದೆ. "ಮೋಸ ಮಾಡ್ಬೇಡ, ಖಾಲಿ ಕೈ ಇದು!" ಎಂದು ಮಗುವಿನ ಹಾಗೆ ನಕ್ಕರು. ನನಗೆ ಅಳು ತಡೆಯಲಾಗಲಿಲ್ಲ.

ಹೋಗಿದ್ದು ಒಮ್ಮೊಮ್ಮೆ ತಾನಾಗಿಯೇ ಮರಳುವುದುಂಟು ಎಂದು ಡಾಕ್ಟರು ಹೇಳಿದ್ದರು. ಹಾಗೇ ಇರಬಹುದು. ಆದರೆ ನನ್ನ ಬೆರಳಿನ ಕೆಳಗೇ ಒಂದು ಕೈಗೆ ಜೀವ ಬಂತಲ್ಲ ಪುಟ್ಟಿ, ಇಂಥದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಮೆಷಿನ್ ಕೊಡುವುದಿಲ್ಲವೆಂದು ಆ ಟೈಲರಿಗೆ ಹೇಳಿ ಕಳಿಸಿದ್ದಾಯಿತು.

ನಿನ್ನ ಕೈಗುಣ ಸದಾ ಹೀಗೇ ಇರಲಿ. ನೀನೂ ಮಕ್ಕಳೂ ನೂರು ಕಾಲ ತಣ್ಣಗಿರಿ.

ಇತಿ,
ನಿನ್ನ ಅಕ್ಕ

ತಾ.ಕ.: ಒಂದು ಮಾತು ಮೇಲೆ ಬರೆಯಲಾಗಲಿಲ್ಲ. ಆಮೇಲೆ ಅವರು "ಎಲ್ಲಿ, ನಿನ್ನ ಮುಖ ತಾ. ನಿನ್ನ ತಂಗಿ ಸಕ್ಕರೆ ಎಷ್ಟು ಕೆಲಸ ಮಾಡಿದೆ ನೋಡ್ತೀನಿ" ಎಂದು ಕಣ್ಣು ಮುಚ್ಚಿಯೇ ಕೆನ್ನೆ ಸವರಿದರು. ಬೆರಳುಗಳು ಕಿವಿಯ ಕೆಳಗೆ, ಕತ್ತಿಗೆ ಇಳಿದು ಅಲ್ಲೇ ನಿಂತವು. "ಇಲ್ಲೊಂದು ಗಡ್ಡೆ ಇದೆ. ಯಾವಾಗಿಂದ?" ಎಂದರು. ಅವರು ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ಅದು ನನಗೆ ಸಿಕ್ಕಿತ್ತು ಪುಟ್ಟಿ. ನೋವಿಲ್ಲ, ಆದರೆ ಬೆಳೆಯುತ್ತಿದೆ. ಮೊದಲು ಅವರ ಕೈ ಸರಿಹೋಗಲಿ ಎಂದು ಯಾರಿಗೂ ಹೇಳದೆ ಕೂದಲು ಇಳಿಬಿಟ್ಟು ಮುಚ್ಚಿಕೊಂಡಿದ್ದೆ. ಇಷ್ಟು ತಿಂಗಳ ಮೇಲೆ ಮರಳಿ ಬಂದ ಕೈಗೆ ಇದೇ ಸಿಗಬೇಕಿತ್ತೇ? ಗುರುವಾರ ಡಾಕ್ಟರ ಹತ್ತಿರ ಹೋಗುತ್ತೇವೆ. ನೀನು ಬಂದರೆ ನನಗೆ ಧೈರ್ಯ.