ಪುಕ್ಕಟೆ ವೈಫೈ

ಮನೆ ಮಾಲೀಕರಿಗೆ ಮಹಡಿ ಮನೆಯ ಸೊಸೆಯ ನಮಸ್ಕಾರ.

ನಾವು ಬಾಡಿಗೆಗೆ ಬಂದ ದಿನ, ವೈಫೈ ಪುಕ್ಕಟೆ, ಅದು ಬರಲು ಇದು ಬೇಕು ಎಂದು ನನ್ನ ಫೋನಿಗೆ ನೀವೇ ಒಂದು ಸೆಕ್ಯುರಿಟಿ ಸರ್ಟಿಫಿಕೇಟ್ ಹಾಕಿಕೊಟ್ಟಿರಿ. "ಯಾರೋ ನಿಮ್ಮನ್ನು ಗಮನಿಸುತ್ತಿರಬಹುದು" ಎಂದು ಫೋನು ಎಚ್ಚರಿಸಿದರೆ, "ಅದು ಹಾಗೇ ಬಡ್ಕೊಳ್ತಿರತ್ತೆ ಬಿಡಮ್ಮ, ನಾನು ನಿನ್ ತಂದೆ ಸಮಾನ" ಎಂದಿರಿ. ನಂಬಿದೆ. ಪದವಿಯ ಸರ್ಟಿಫಿಕೇಟ್ ಇದ್ದವರಿಗೆಲ್ಲ ಬುದ್ಧಿ ಇರಬೇಕೆಂದೇನಿಲ್ಲವಲ್ಲ!

ನಿನ್ನೆ ಮೆಟ್ಟಿಲ ಮೇಲೆ ನಮ್ಮತ್ತೆಯನ್ನು ನಿಲ್ಲಿಸಿ, "ಮಕ್ಕಳಾಗೋಕೆ ಆ ಆಸ್ಪತ್ರೆ ಬೇಡ ಅಂತ ಸೊಸೆಗೆ ಹೇಳಿ" ಎಂದಿರಂತೆ. ಅದನ್ನು ನಾನು ಗಂಡನಿಗೂ ಹೇಳಿರಲಿಲ್ಲ. ಫೋನಿನಲ್ಲಿ ಹುಡುಕಿದ್ದೆ, ಅಷ್ಟೆ. ವಿಚಾರಿಸಿದೆ. ಆ ಸರ್ಟಿಫಿಕೇಟ್ ಇದ್ದರೆ ನಿಮ್ಮ ವೈಫೈನಲ್ಲಿ ನಾನು ತೆರೆದ ಪುಟವೆಲ್ಲ ನಿಮಗೂ ತೆರೆದುಕೊಳ್ಳುತ್ತದಂತೆ. ಬೆಳಗಿನಿಂದ ಒಂದೇ ವಾಕರಿಕೆ. ಅತ್ತೆ ಕಾಯುತ್ತಿರುವ ವಾಕರಿಕೆಯಲ್ಲ, ನಿಮ್ಮಿಂದ ಬಂದದ್ದು.

ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಕಿತ್ತುಹಾಕಿದೆ. ಕೆಳಮನೆಯ ಟೀಚರಮ್ಮ, ಹಿಂದಿನ ಕೋಣೆಯ ದರ್ಜಿ, ಇಬ್ಬರ ಫೋನಿಂದಲೂ ತೆಗೆದೆ. ಯಾಕೆಂದು ಕೇಳಿದರು, ಹೇಳಿದೆ.

ಸಂಜೆ ಎಲ್ಲರೂ ಬರುತ್ತೇವೆ. ದಯವಿಟ್ಟು ಮನೆಯಲ್ಲಿರಿ. ಮುಂದೆ ನಿಲ್ಲುವವರು ನಮ್ಮತ್ತೆ. ವಿಷಯ ಮುಚ್ಚಿಟ್ಟೆನೆಂದು ನನ್ನೊಡನೆ ಮಾತು ಬಿಟ್ಟಿದ್ದಾರೆ; ಉಳಿದ ಮಾತನ್ನೆಲ್ಲ ನಿಮಗೆಂದೇ ಕೂಡಿಟ್ಟಿದ್ದಾರೆ.

ಇತಿ,
ಮಹಡಿ ಮನೆಯವಳು